ಅಲ್ಲಿ ನಿನಗೆ ಯಾರು ಬೈದರು?

ಗುರುವಾರಗಳಂದು ಸ್ವೀಡನ್ನಿನ ಮೋಲ್ನ್‌ಡಾಲ್‌ನ ನಮ್ಮ ಚೌಕಕ್ಕೆ ಮೀನಿನ ವ್ಯಾನು ಬರುತ್ತದೆ. ಇವತ್ತು ಕೆಲಸ ಮುಗಿಸಿ ಬರುವಾಗ ಅದರ ಕಟ್ಟೆಯ ಮೇಲೆ ಬಲೆಚೀಲಗಳಲ್ಲಿ ಕಟ್ಟಿಟ್ಟ ಕಪ್ಪು ಚಿಪ್ಪುಗಳು ಕಂಡವು. ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಅನ್ನುತ್ತಾರಲ್ಲ, ಅವುಗಳ ತಣ್ಣೀರಿನ ನೆಂಟರು. ಒಂದು ಚೀಲ ತಂದೆ. ಒಂದೊಂದರ ಗಡ್ಡ ಕಿತ್ತು, ತೊಳೆದು, ಜಜ್ಜಿದ ಬೆಳ್ಳುಳ್ಳಿ ಮತ್ತು ಕರಿಮೆಣಸಿನ ಜೊತೆ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಸ್ಟೌವನ್ನು ಸಣ್ಣಗೆ ಇಟ್ಟಿದ್ದೇನೆ. ಮುಚ್ಚಳದ ಸಂದಿಯಿಂದ ಉಪ್ಪುನೀರಿನ, ಪಾಚಿಯ, ಮೆಣಸಿನ ವಾಸನೆ ಹೊರಟು ಇಡೀ ಅಡುಗೆಮನೆ ತುಂಬಿಕೊಂಡಿದೆ. ಈ ವಾಸನೆ ಬಂದರೆ ನನಗೆ ಮೊದಲು ಮಂಗಳೂರು ನೆನಪಾಗಬೇಕು. ಆಗುವುದು ನಾನು ಮೊದಲು ವಾಸವಿದ್ದ ಟ್ರೋಲ್‌ಹೆಟ್ಟನ್‌ನ ಮೂರನೇ ಮಹಡಿ... ಅಲ್ಲಿದ್ದ ಮೇಲಿನ ಮನೆಯ ಅಜ್ಜಿ.

ಹಳೆಯ ದಿನಚರಿಗಳನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಹೈಸ್ಕೂಲಿನಿಂದಲೂ ನನಗೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸ. ತಾರೀಕು, ವಾರ, ಹವೆ, ಯಾರು ಸಿಕ್ಕರು, ಏನು ತಿಂದೆ. ವರ್ಷದ ಕೊನೆಗೆ ಎಲ್ಲದರ ಲೆಕ್ಕ ಹಾಕುವುದೂ ಉಂಟು. ಮನೆಯಲ್ಲಿ ಇದನ್ನು ನೋಡಿ ನಗುತ್ತಿದ್ದರು. ಟ್ರೋಲ್‌ಹೆಟ್ಟನ್‌ನ ಅಜ್ಜಿ ಮಾತ್ರ ನಗಲಿಲ್ಲ. ಅವರು ಅದಕ್ಕೂ ಒಂದು ಕೆಲಸ ಹಚ್ಚಿದರು.

ಅವರ ಪರಿಚಯವಾದದ್ದು ಫೆಬ್ರವರಿಯ ಒಂದು ಭಾನುವಾರ, ಲಾಂಡ್ರಿ ಕೋಣೆಯಲ್ಲಿ. ಪಿಎಚ್‌ಡಿ ಮಾಡಲು ಬಂದು ಎಂಟು ತಿಂಗಳಾಗಿತ್ತು. ನಮ್ಮ ಕಟ್ಟಡಕ್ಕೆಲ್ಲ ನೆಲಮಾಳಿಗೆಯಲ್ಲಿ ಒಂದೇ ಲಾಂಡ್ರಿ ಕೋಣೆ; ಪ್ರತಿ ಮನೆಯವರೂ ತಮ್ಮ ಹೊತ್ತನ್ನು ಮೊದಲೇ ಕಾದಿರಿಸಬೇಕು, ಹೊತ್ತು ಮುಗಿಯುವಷ್ಟರಲ್ಲಿ ಕೋಣೆ ಗುಡಿಸಿ ಹೊರಗೆ ಬಂದಿರಬೇಕು. ಸ್ವೀಡನ್ನಿನಲ್ಲಿ ಏನು ತಪ್ಪಿದರೂ ನಡೆದೀತು, ಇದು ತಪ್ಪಬಾರದು. ತಪ್ಪಿದರೆ ಯಾರೂ ಏನೂ ಹೇಳುವುದಿಲ್ಲ. ಮರುದಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿರುತ್ತದೆ, ಅಷ್ಟೇ. ಚೀಟಿಯಲ್ಲಿ ಬಹಳ ಮರ್ಯಾದೆಯ ಮಾತು, ಕೊನೆಗೆ ಒಂದು ನಗುಮುಖದ ಚಿತ್ರ, ಹೆಸರಿಲ್ಲ. ಆ ಎಂಟು ತಿಂಗಳಲ್ಲಿ ನನಗೆ ಅಂಥ ಎರಡು ಚೀಟಿ ಸಿಕ್ಕಿದ್ದವು. ಬರೆದವರು ಯಾರೆಂದು ತಿಳಿಯದೆ ಮೆಟ್ಟಿಲ ಮೇಲೆ ಎದುರಾದ ಪ್ರತಿಯೊಬ್ಬರ ಮುಂದೆಯೂ ತಲೆ ತಗ್ಗಿಸಿ ಓಡಾಡಿದ್ದೆ.

ಆ ಭಾನುವಾರ ಮನೆಯವರ ಜೊತೆ ಫೋನಿನಲ್ಲಿ ಮಾತಾಡುತ್ತ ಬಟ್ಟೆ ಮರೆತೇಬಿಟ್ಟೆ. ಓಡುತ್ತ ಕೆಳಗಿಳಿದರೆ ಯಂತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ಒಬ್ಬ ಅಜ್ಜಿ ನಿಂತಿದ್ದರು. ಗಿಡ್ಡ, ಕಪ್ಪು ಬಣ್ಣ ಹಚ್ಚಿದ ಕೂದಲು, ಕಿವಿಯಲ್ಲಿ ಬಳೆಯಷ್ಟು ದೊಡ್ಡ ಚಿನ್ನದ ರಿಂಗು, ಲಾಂಡ್ರಿಗೆ ಬಂದಿದ್ದರೂ ತುಟಿಗೆ ಬಣ್ಣ. ಶುರು ಮಾಡಿದವರು ನಿಲ್ಲಿಸಲಿಲ್ಲ. ಅರ್ಧ ಸ್ವೀಡಿಷ್, ಅರ್ಧ ಇನ್ನೇನೋ. ನಿನಗೆ ಗಡಿಯಾರ ಇಲ್ಲವೇ, ನಿನ್ನ ತಾಯಿ ಹೀಗೆ ಒದ್ದೆ ಬಟ್ಟೆ ಬಿಟ್ಟು ಹೋಗುತ್ತಿದ್ದಳೇ, ಈ ಬಿಳಿ ಅಂಗಿಯನ್ನು ಕಪ್ಪು ಪ್ಯಾಂಟಿನ ಜೊತೆ ಹಾಕಲು ಯಾವ ಕಾಲೇಜಿನಲ್ಲಿ ಕಲಿಸಿದರು... ಹೀಗೆ. ಬೈಯುತ್ತಲೇ ನನ್ನ ಬಟ್ಟೆಗಳನ್ನು ತೆಗೆದು, ಕೊಡವಿ, ಹರವಿದರು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ನಗು ಬಂತು, ನಗುವಿನ ಹಿಂದೆಯೇ ಅಳು. ಎಂಟು ತಿಂಗಳಿಂದ ಎದುರು ನಿಂತು, ಮುಖ ನೋಡಿ, ಯಾರೂ ನನಗೆ ಬೈದಿರಲಿಲ್ಲ. ಹಾಗೆಂದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಾವ ಊರು ನಿನ್ನದು?”

ಸಮುದ್ರದ ಊರು, ಹಳೆಯ ಬಂದರು ಅಂದೆ. ಅವರು ತಲೆಯಾಡಿಸಿ, ಹಾಗಾದರೆ ಮೇಲೆ ಬಾ, ಊಟ ಮಾಡಿಕೊಂಡು ಹೋಗು ಅಂದರು.

ಅವರದು ತಾರಾಂತೊ. ಇಟಲಿಯ ಭೂಪಟವನ್ನು ಬೂಟಿಗೆ ಹೋಲಿಸುತ್ತಾರಲ್ಲ, ಅದರ ಹಿಮ್ಮಡಿಯ ಒಳಬದಿಯಲ್ಲಿರುವ ಬಂದರು. ಎರಡು ಸಮುದ್ರಗಳ ನಡುವಿನ ಒಂದು ಚಿಕ್ಕ ದ್ವೀಪದ ಮೇಲೆ ಹಳೆಯ ಊರು. ದಾಟಿ ಹೋಗಲು ಹಡಗು ಬಂದಾಗ ತೆರೆದುಕೊಳ್ಳುವ ಸೇತುವೆ. ಆಚೆ ದಂಡೆಯಲ್ಲಿ ಉಕ್ಕಿನ ಕಾರ್ಖಾನೆ. ಮದುವೆಯಾಗಿ ಟ್ರೋಲ್‌ಹೆಟ್ಟನ್‌ಗೆ ಬಂದಾಗ ಅಜ್ಜಿಗೆ ಇಪ್ಪತ್ತು ದಾಟಿರಲಿಲ್ಲವಂತೆ. ಗಂಡ ಎಂಜಿನ್ ಕಾರ್ಖಾನೆಯಲ್ಲಿ. ಇವರು ಶಾಲೆಯ ಅಡುಗೆಮನೆಯಲ್ಲಿ. ಅರ್ಧ ಊರು ಇವರ ಕೈಯಲ್ಲಿ ಉಂಡು, ಬೈಸಿಕೊಂಡು ಬೆಳೆದಿತ್ತು. ಇಲ್ಲಿಯ ಕಾಲುವೆಯ ಸೇತುವೆ ಎದ್ದು ದೋಣಿಗೆ ದಾರಿ ಬಿಡುವಾಗ ಕಾರುಗಳೆಲ್ಲ ಎಂಜಿನ್ ಆರಿಸಿ ಸಾಲಾಗಿ ನಿಲ್ಲುತ್ತವೆ. ಅಜ್ಜಿ ಬೇಕೆಂದೇ ಆ ಹೊತ್ತಿಗೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಒಂದು ಹಾರನ್ ಕೂಡ ಇಲ್ಲ ನೋಡು, ನಮ್ಮ ಸೇತುವೆ ತೆರೆದರೆ ಹಡಗಿನಲ್ಲಿರುವವನಿಗೂ ದಂಡೆಯಿಂದ ಬುದ್ಧಿ ಹೇಳುವವರಿರುತ್ತಾರೆ ಅನ್ನುತ್ತಿದ್ದರು. ಅದನ್ನು ಹೇಳುವಾಗ ಗದ್ದ ತಾನಾಗಿ ಮೇಲೇಳುತ್ತಿತ್ತು.

ಅವರ ಅಡುಗೆಮನೆಯ ಮೇಜಿಗೆ ಬಂದವರು ನಾನೊಬ್ಬಳೇ ಅಲ್ಲ. ಊರಿನಲ್ಲಿ ಯಾರೇ ದಕ್ಷಿಣ ಇಟಲಿಗೆ ರಜೆಗೆ ಹೋಗಲಿ, ತಾರಾಂತೊ ನೋಡಿ ಬಂದಿದ್ದರೆ ಅಜ್ಜಿಗೆ ಹೇಗೋ ಸುದ್ದಿ ತಲುಪುತ್ತಿತ್ತು. ಅವರನ್ನು ಕರೆದು, ಚಿಪ್ಪುಮೀನು ಬಡಿಸಿ, ಎದುರು ಕುಳಿತು, ಹೇಳಿ ಅನ್ನುವರು. ಒಂದೇ ಊರಿಗೆ ಹೋಗಿ ಬಂದವರು ಇಷ್ಟು ಬೇರೆಬೇರೆ ಊರುಗಳನ್ನು ನೋಡಿ ಬರಬಹುದೆಂದು ನನಗೆ ಗೊತ್ತಾದದ್ದು ಆ ಮೇಜಿನಲ್ಲಿ.

ನಿವೃತ್ತ ದಂಪತಿಯೊಬ್ಬರು ಬಂದಿದ್ದರು. ಗೋಡೆಯ ಮೇಲೆಲ್ಲ ಗೀಚಿದ ಬರಹ, ಬೀದಿಯಲ್ಲಿ ಕಸ, ಕಿಟಕಿಯ ಕಟ್ಟೆಗಳ ಮೇಲೆ ಕಾರ್ಖಾನೆಯ ಕೆಂಪು ಧೂಳು, ಬೀಳುವ ಹಾಗೆ ನಿಂತ ಮನೆಗಳು. ಚೀಲವನ್ನು ಎದೆಗವಚಿಕೊಂಡೇ ನಡೆದರಂತೆ. ಜನ ಮಾತ್ರ ತುಂಬ ಒಳ್ಳೆಯವರು, ಎಲ್ಲರೂ ನಗುತ್ತಲೇ ಮಾತಾಡಿಸಿದರು ಅಂದರು. ಆಮೇಲೆ ಒಬ್ಬ ಯುವಕ, ಫೋಟೋ ತೆಗೆಯುವವನು. ಅವನಿಗೆ ಎಲ್ಲವೂ ಇಷ್ಟವಾಗಿತ್ತು. ಬಿರುಕು ಬಿಟ್ಟ ಗೋಡೆ, ಮುರಿದ ಬಾಲ್ಕನಿ, ಇಟ್ಟಿಗೆ ಕಟ್ಟಿ ಮುಚ್ಚಿದ ಬಾಗಿಲು, ಒಂದೊಂದರದೂ ಕಪ್ಪು ಬಿಳುಪು ಚಿತ್ರ. ಯಾವ ಚಿತ್ರದಲ್ಲೂ ಮನುಷ್ಯರಿಲ್ಲ. ಅವನು ಹೋದ ಮೇಲೆ ಅಜ್ಜಿ, ನಮ್ಮ ಮನೆ ಬಿದ್ದಷ್ಟೂ ಅವನಿಗೆ ಚೆಂದ ಅಂದು ತಟ್ಟೆ ಎತ್ತಿದರು. ನನ್ನ ಲ್ಯಾಬಿನ ಬೆಂಗಳೂರಿನ ಹುಡುಗನೂ ಹೋಗಿ ಬಂದ. ಅವನು ಬರುತ್ತಲೇ ನನ್ನ ಹತ್ತಿರ ಗೊಣಗಿದ. “ಏನಿಲ್ಲ ಕಣೇ, ಚಿಕ್ಕಪೇಟೆ ಪಕ್ಕ ಸಮುದ್ರ ತಂದಿಟ್ಟಂಗಿದೆ. ಇದಕ್ಕೆ ಅಷ್ಟು ದುಡ್ಡು ಕೊಟ್ಟು ಫ್ಲೈಟ್ ಹತ್ಬೇಕಿತ್ತಾ?”

ನಾನು ಅಭ್ಯಾಸಬಲದಿಂದ ದಿನಚರಿಯ ಹಿಂಬದಿಯಲ್ಲಿ ಎರಡು ಸಾಲು ಎಳೆದಿದ್ದೆ. ಮೆಚ್ಚಿದವರು ಒಂದು ಕಡೆ, ಮೆಚ್ಚದವರು ಇನ್ನೊಂದು ಕಡೆ. ಅಜ್ಜಿ ಅದನ್ನು ನೋಡಿ, ಇದೇನು ಎಂದು ಕೇಳಿ ತಿಳಿದು, ಇದರಿಂದ ಏನೂ ಗೊತ್ತಾಗುವುದಿಲ್ಲ, ಮೂರನೆಯ ಸಾಲು ಎಳೆ ಅಂದರು. ಬಂದವರಿಗೆಲ್ಲ ಅವರು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದುದನ್ನು ನಾನು ಆವರೆಗೆ ತಮಾಷೆ ಎಂದುಕೊಂಡಿದ್ದೆ.

“ಅಲ್ಲಿ ನಿನಗೆ ಯಾರು ಬೈದರು?”

ದಂಪತಿಗೆ ಯಾರೂ ಬೈದಿರಲಿಲ್ಲ. ಯುವಕನಿಗೂ ಇಲ್ಲ. ಹಾಗಾದರೆ ಇವರು ಹೋಟೆಲು ನೋಡಿದ್ದಾರೆ, ಗೋಡೆ ನೋಡಿದ್ದಾರೆ, ಊರು ನೋಡಿಲ್ಲ ಎಂದು ಅಜ್ಜಿಯ ತೀರ್ಪು. ನಮ್ಮಲ್ಲಿ ಹೊರಗಿನವನಿಗೆ ನಗೆ, ಮನೆಯವನಿಗೆ ಬೈಗಳು. ಬೈದರೆಂದರೆ ನೀನು ಸರಿಯಾಗಬಲ್ಲೆ ಎಂದು ಯಾರಿಗೋ ನಂಬಿಕೆ ಬಂದಿದೆ ಅಂತ ಅರ್ಥ ಅನ್ನುತ್ತಿದ್ದರು. ಬೆಂಗಳೂರಿನ ಹುಡುಗ ತಲೆ ಕೆರೆದುಕೊಂಡು, ವಿಮಾನ ಹತ್ತಲು ಬಾರಿ ನಗರಕ್ಕೆ ಹೋಗುವ ರೈಲಿನಲ್ಲಿ ನಾನು ಕಿಟಕಿ ತೆರೆದೆನೆಂದು ಪಕ್ಕದ ಮುದುಕಿ ಊರು ಮುಟ್ಟುವವರೆಗೂ ಬೈಯುತ್ತಲೇ ಬಂದಳು, ಗಾಳಿ ತಾಗಿ ಕುತ್ತಿಗೆ ಹಿಡಿದುಕೊಂಡರೆ ಯಾರು ನೋಡಿಕೊಳ್ಳುತ್ತಾರೆ ಎಂದು ತನ್ನ ಶಾಲನ್ನೇ ನನ್ನ ಕುತ್ತಿಗೆಗೆ ಸುತ್ತಿದಳು ಅಂದ. ಅಜ್ಜಿಯ ಮುಖ ಅರಳಿತು. ಅವನ ತಟ್ಟೆಗೆ ಇನ್ನೊಂದು ಸೌಟು ಬಿತ್ತು. ಮೆಚ್ಚದಿದ್ದರೂ ಮೂರನೆಯ ಸಾಲಿನಲ್ಲಿ ಮೊದಲ ಗೆರೆ ಅವನದೇ.

ನನ್ನ ಊರಿನ ಬಗ್ಗೆಯೂ ಕೇಳುತ್ತಿದ್ದರು. ಇಲ್ಲಿ ನಾನು ಮಂಗಳೂರು ಅಂದರೆ ಎಲ್ಲರಿಂದಲೂ ಗೋವಾದ ಹತ್ತಿರವೇ ಎಂಬ ಪ್ರಶ್ನೆ ಬರುತ್ತದೆ. ಅಜ್ಜಿಗೆ ಗೋವಾ ಬೇಕಿರಲಿಲ್ಲ. ಬಂದರಿನಲ್ಲಿ ಏನು ಇಳಿಸುತ್ತಾರೆ, ಗೋದಾಮಿನ ವಾಸನೆ ಎಂಥದು, ದೋಣಿ ಕಟ್ಟುವ ಹಗ್ಗ ಎಷ್ಟು ದಪ್ಪ, ಇವೆಲ್ಲ ಬೇಕಿತ್ತು. ಒಣಮೆಣಸಿನ ಘಾಟು, ತೆಂಗಿನ ನಾರು, ಡೀಸೆಲು, ಮೀನು ಇಳಿಸುವ ದಕ್ಕೆಯಲ್ಲಿ ಮಂಜುಗಡ್ಡೆಯ ನೀರು ಹರಿಯುವ ನೆಲ, ಎಲ್ಲ ಹೇಳಿದೆ. ಮೀನನ್ನು ಒತ್ತಿ ನೋಡಿ, ಕಿವಿರು ಎತ್ತಿ ನೋಡಿ, ಕೊಳ್ಳದೆ ಎದ್ದರೆ ನಮ್ಮ ಮೀನಿನ ಹೆಂಗಸರು ಏನನ್ನುತ್ತಾರೆಂದು ತುಳುವಿನಲ್ಲೇ ಅಂದು ತೋರಿಸಿದೆ. ಅಜ್ಜಿಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೂ ಪೂರ್ತಿ ಕೇಳಿ, ಊರು ಚೆನ್ನಾಗಿದೆ ಅಂದರು. ನನ್ನ ಊರನ್ನು ಅಷ್ಟು ಸರಿಯಾಗಿ ಇಲ್ಲಿ ಇನ್ನಾರೂ ಹೊಗಳಿಲ್ಲ.

ಇಷ್ಟೆಲ್ಲ ಹೆಮ್ಮೆಯ ಅಜ್ಜಿ ತಾವು ಮಾತ್ರ ಊರಿಗೆ ಹೋಗುತ್ತಿರಲಿಲ್ಲ. ಕಾರಣ ಹೇಳಿದ್ದು ಪರಿಚಯವಾಗಿ ಒಂದು ವರ್ಷದ ನಂತರ, ಚಿಪ್ಪು ಬಿಡಿಸುತ್ತ, ತಲೆಯೆತ್ತದೆ.

ಅವರಿಗೆ ಒಬ್ಬಳೇ ಮಗಳು. ಆಕೆಗೆ ಹನ್ನೆರಡು ವರ್ಷವಾದಾಗ ಮೊದಲ ಸಲ ಊರಿಗೆ ಕರೆದುಕೊಂಡು ಹೋದರಂತೆ. ಸೇತುವೆ ಇಳಿದಲ್ಲಿಂದ ಮನೆಯ ಬಾಗಿಲವರೆಗೂ ಹುಡುಗಿ ಮೂಗು ಹಿಡಿದುಕೊಂಡೇ ನಡೆದಳು. ಅಜ್ಜಿಯ ತಾಯಿ ಬಾಲ್ಕನಿಯಲ್ಲಿ ನಿಂತು ದಾರಿ ಕಾಯುತ್ತಿದ್ದವರು ಅದನ್ನು ನೋಡಿದರು. ಮೇಲೆ ಹೋದಾಗ ಮೇಜಿನ ಮೇಲಿದ್ದ ಚಿಪ್ಪುಮೀನಿನ ದೊಡ್ಡ ತಟ್ಟೆಯನ್ನು ಅವರು ಏನೂ ಅನ್ನದೆ ಒಳಗೆ ಒಯ್ದು, ಮೊಮ್ಮಗಳ ಮುಂದೆ ಬೇಯಿಸಿದ ಮೊಟ್ಟೆ ತಂದಿಟ್ಟರು.

“ನಮ್ಮಮ್ಮ ಬೈಯಲಿಲ್ಲ” ಅಂದರು ಅಜ್ಜಿ. “ಮೊಮ್ಮಗಳನ್ನು ಅತಿಥಿ ಮಾಡಿಬಿಟ್ಟರು.”

ಮತ್ತೆ ಮಗಳನ್ನು ಕರೆದೊಯ್ಯಲಿಲ್ಲ. ಆಕೆಯೂ ಕೇಳಲಿಲ್ಲ. ಅಮ್ಮ ತೀರಿಕೊಂಡ ಮೇಲೆ ತಾವೂ ಹೋಗಲಿಲ್ಲ. ಈಗ ಹೃದಯದ ಕಾಯಿಲೆ. ವೈದ್ಯರು ವಿಮಾನ ಬೇಡ ಅಂದಿದ್ದಾರೆ. ಆ ಮಗಳು ಊರಿನ ಪುರಸಭೆಯ ಕಚೇರಿಯಲ್ಲಿ ಕೆಲಸದಲ್ಲಿದ್ದರು. ನಾಲ್ಕು ಬೀದಿ ಆಚೆ ಮನೆ. ವಾರಕ್ಕೆರಡು ಸಲ ಬಂದು ಅಮ್ಮನ ಮಾತ್ರೆಗಳನ್ನು ಜೋಡಿಸಿಟ್ಟು, ಕೋಟು ಬಿಚ್ಚದೆಯೇ ನಿಂತು ಮಾತಾಡಿ ಹೋಗುವರು. ಅವರ ಎದುರು ಅಜ್ಜಿ ತಾರಾಂತೊದ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ.

ವಿಷಯ ಬಂದದ್ದು ಆ ಮಗಳ ಮಗಳಿಂದ, ಅಜ್ಜಿಯ ಮೊಮ್ಮಗಳಿಂದ. ಶಾಲೆ ಮುಗಿಸಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗಿ. ಅಜ್ಜಿ ತಮ್ಮೂರಿನ ಭಾಷೆಯಲ್ಲಿ ಏನು ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರ. ಅಜ್ಜಿಯನ್ನು ಕರೆಯುವುದು ಮಾತ್ರ ಇಟಲಿಯವರ ಹಾಗೆ ನೊನ್ನಾ ಎಂದು. ಒಂದು ದಿನ ಬಂದು, ನೊನ್ನಾ, ಬಾರಿಗೆ ಅಗ್ಗದ ವಿಮಾನದ ಟಿಕೆಟ್ ಸಿಕ್ಕಿದೆ, ಏಪ್ರಿಲ್‌ನಲ್ಲಿ ನಿನ್ನ ಊರು ನೋಡಿ ಬರುತ್ತೇನೆ ಅಂದಳು. ಅಜ್ಜಿ ಸಂತೋಷಪಡುತ್ತಾರೆಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತರು. ಅದಾದ ಮೇಲೆ ವಾರಗಟ್ಟಲೆ ಒಂದೇ ಚಿಂತೆ. ಈಗ ಧೂಳು ಹೆಚ್ಚಾಗಿದೆಯಂತೆ, ಬೀದಿ ಅರ್ಧ ಖಾಲಿಯಂತೆ, ಮಳೆ ಬಂದರೆ ಚರಂಡಿ ನಾರುತ್ತದೆ, ಮೇ ತಿಂಗಳಿಗೆ ಮುಂದೂಡಲಿ... ಹುಡುಗಿ ಇಲ್ಲದಾಗ ನನ್ನ ಹತ್ತಿರ ಹೇಳಿಕೊಂಡರು. ಮಗಳು ಕೈತಪ್ಪಿದಳು, ಇವಳೂ ಮೂಗು ಹಿಡಿದುಕೊಂಡು ಬಂದರೆ ನನ್ನ ಊರು ನನ್ನ ಜೊತೆಗೇ ಮುಗಿದ ಹಾಗೆ.

ಕೊನೆಗೆ ನನ್ನನ್ನೂ ಜೊತೆಗೆ ಕಳಿಸಿದರು. ಕಾರ್ಖಾನೆಯ ಊರು ನೋಡುವ ಆಸೆ ನನಗೂ ಇತ್ತು. ಎರಡು ಷರತ್ತು ಹಾಕಿದರು. ಅಲ್ಲಿಂದ ಫೋನು ಮಾಡಿ ವರದಿ ಕೊಡಬಾರದು, ಫೋಟೋ ಕಳಿಸಬಾರದು. ಬಂದು ಈ ಮೇಜಿನಲ್ಲಿ ಕುಳಿತು ಹೇಳಬೇಕು. ಎರಡನೆಯದು ನನಗೊಬ್ಬಳಿಗೇ. ಅವಳಿಗೆ ಏನನ್ನೂ ವಿವರಿಸಬೇಡ. ಊರು ತಾನೇ ಮಾತಾಡಲಿ.

ಬಾರಿಯಿಂದ ರೈಲಿನಲ್ಲಿ ತಾರಾಂತೊ ತಲುಪಿದಾಗ ಹತ್ತೂವರೆಯ ಬಿಸಿಲು. ನಿಲ್ದಾಣದಿಂದ ಹಳೆಯ ಊರಿಗೆ ನಡೆದೆವು. ಒಂದು ಕಡೆ ಬೆಳಕಿಗೆ ಕಣ್ಣು ಬಿಡಲಾಗದಂಥ ನೀಲಿ ನೀರು. ಇನ್ನೊಂದು ಕಡೆ ಓಣಿಯ ಬಾಯಿಗಳು. ಒಳಗೆ ಹೋದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಗೋಡೆಗಳು ಬೀಳದಂತೆ ನಡುವೆ ಮರದ ಊರುಗೋಲು ಕೊಟ್ಟಿದ್ದರು. ಮೇಲೆ ತಂತಿ, ತಂತಿಯಲ್ಲಿ ಬಟ್ಟೆ, ಬಟ್ಟೆಯಿಂದ ತೊಟ್ಟಿಕ್ಕುವ ನೀರು. ಬ್ಲೀಚು, ಬೆಕ್ಕು, ಕರಿದ ಮೀನು, ತೇವದ ಸುಣ್ಣ, ಎಲ್ಲ ಕಲೆತ ವಾಸನೆ. ನನಗೆ ನಮ್ಮ ಬಂದರಿನ ಗೋದಾಮಿನ ಸಂದಿಗೆ ಕಾಲಿಟ್ಟ ಹಾಗಾಯಿತು, ಹೆಜ್ಜೆ ತಾನೇ ಜೋರಾಯಿತು. ತಿರುಗಿ ನೋಡಿದರೆ ಹುಡುಗಿ ಕತ್ತಿನ ಸ್ಕಾರ್ಫನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು.

ನಾನು ಮುಂದೆ ನಡೆದೆ. ವಿವರಿಸಬಾರದೆಂಬ ಷರತ್ತಿತ್ತು.

ಅಜ್ಜಿಯ ಮನೆ ಹುಡುಕಿದೆವು. ಬಾಗಿಲಿಗೆ ಸಿಮೆಂಟಿನ ಇಟ್ಟಿಗೆ ಕಟ್ಟಿ ಮುಚ್ಚಿತ್ತು. ಬಾಲ್ಕನಿಯ ಕಂಬಿ ಇತ್ತು, ನೆಲ ಇರಲಿಲ್ಲ. ಮೇಲಿನ ಕಿಟಕಿಯಿಂದ ಒಂದು ಅಂಜೂರದ ಗಿಡ ಹೊರಗೆ ಬಾಗಿತ್ತು. ಹುಡುಗಿ ಬಹಳ ಹೊತ್ತು ನಿಂತಳು. ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಹವೆಯ ಹೊರತು ನಾನು ಬರೆದದ್ದು ಒಂದೇ ಸಾಲು: ಅಜ್ಜಿಗೆ ಏನು ಹೇಳುವುದು?

ಮರುದಿನ ಬೆಳಿಗ್ಗೆ, ಅಲ್ಲಿಯವರು ಚಿಕ್ಕ ಸಮುದ್ರ ಅನ್ನುವ ಒಳಗಡಲಿನ ದಂಡೆಗೆ ಹೋದೆವು. ದೋಣಿಗಳ ಎದುರಿಗೇ ಚಿಪ್ಪುಮೀನು ಮಾರುವ ಮೇಜುಗಳು. ಒಂದರ ಹಿಂದೆ ರಬ್ಬರು ಬೂಟು ಹಾಕಿದ ಒಬ್ಬ ದಪ್ಪ ಹೆಂಗಸು. ಹುಡುಗಿ ಹೋಗಿ ನಿಂತಳು. ಸ್ವೀಡನ್ನಿನವರು ನಿಲ್ಲುವ ಹಾಗೆ: ಮೇಜಿನಿಂದ ಒಂದು ಮಾರು ದೂರ, ಕೈ ಕಟ್ಟಿ, ಮುಂದಿನವರಿಗೆ ತೊಂದರೆಯಾಗದಂತೆ, ಟೋಕನ್ ಚೀಟಿ ಕೊಡುವ ಯಂತ್ರ ಎಲ್ಲಿದೆ ಎಂದು ಹುಡುಕುತ್ತ. ಹಿಂದೆ ಬಂದವರೆಲ್ಲ ಅವಳ ಎಡದಿಂದ ಬಲದಿಂದ ನುಗ್ಗಿ, ಕೂಗಿ, ತೆಗೆದುಕೊಂಡು ಹೋದರು. ಇವಳು ನಿಂತೇ ಇದ್ದಳು. ಹೆಂಗಸು ಎರಡು ಮೂರು ಸಲ ಇವಳತ್ತ ನೋಡಿದಳು. ಕೊನೆಗೆ ಚಾಕು ಕೆಳಗಿಟ್ಟು, ಬಲಗೈಯ ಐದೂ ಬೆರಳುಗಳನ್ನು ತುತ್ತು ಹಿಡಿದ ಹಾಗೆ ಕೂಡಿಸಿ ಎತ್ತಿ ಅಲುಗಿಸುತ್ತ, ಇಡೀ ದಂಡೆಗೆ ಕೇಳುವಂತೆ ಶುರುಮಾಡಿದಳು. ಆಡಿದ್ದು ಏನೆಂದು ಹುಡುಗಿ ನನಗೆ ಆಮೇಲೆ ಹೇಳಿದ್ದು.

“ನೀನೇನು ಇಗರ್ಜಿಯ ಪ್ರತಿಮೆಯೋ? ಮುಂದೆ ಮೇಣದಬತ್ತಿ ಹಚ್ಚಿಡಲೋ? ಬಾಯಿ ಇದೆಯೋ, ಮನೆಯಲ್ಲೇ ಬಿಟ್ಟು ಬಂದೆಯೋ?”

ಹುಡುಗಿಯ ಕಿವಿ ಕೆಂಪಾಯಿತು. ಅಳುತ್ತಾಳೆ ಅಂದುಕೊಂಡೆ. ಸ್ಕಾರ್ಫು ಜಾರಿತು. ಅವಳು ಬಾಯಿ ತೆರೆದಳು, ಹೊರಬಂದದ್ದು ಸ್ವೀಡಿಷ್ ಅಲ್ಲ. ಟಿವಿಯಲ್ಲಿ ವಾರ್ತೆ ಓದುವವರಿಗೆ ಅಜ್ಜಿ ದಿನವೂ ಅನ್ನುತ್ತಿದ್ದ ಮಾತೊಂದಿತ್ತು. ಅದೇ ಭಾಷೆಯಲ್ಲಿ, ಅದೇ ರಾಗದಲ್ಲಿ, ಒಂದು ಅಕ್ಷರ ಬಿಡದೆ ಬಂತು.

“ಬಾಯಿ ಇದೆ. ನಿಮ್ಮದು ಮುಚ್ಚಿದ ಮೇಲೆ ತೆರೆಯೋಣ ಅಂತಿದ್ದೆ.”

ಪಕ್ಕದ ಮೇಜಿನವನು ಹೋ ಎಂದು ನಕ್ಕ. ಹೆಂಗಸು ನಗಲಿಲ್ಲ. ಮೇಜಿನ ಮೇಲೆ ಮುಂದಕ್ಕೆ ಬಾಗಿ ಹುಡುಗಿಯ ಮುಖವನ್ನು ಹತ್ತಿರದಿಂದ ನೋಡಿ, ನೀನು ಯಾರ ಮನೆಯವಳು ಎಂದು ಕೇಳಿದಳು. ಹುಡುಗಿ ಮುಚ್ಚಿದ ಮನೆಯ ಓಣಿಯನ್ನು ಕೈಯಿಂದ ತೋರಿಸಿದಳು. ಅಂಜೂರದ ಗಿಡದ ಮನೆ? ಹೌದು. ಹೆಂಗಸು ಒಂದು ಚಿಪ್ಪು ಎತ್ತಿ, ಚಾಕುವಿನ ತುದಿ ತೂರಿಸಿ, ಒಂದೇ ತಿರುವಿಗೆ ಬಿಡಿಸಿ, ಹಸಿಯಾಗಿಯೇ ಹುಡುಗಿಯ ಬಾಯಿಯ ಮುಂದೆ ಹಿಡಿದಳು. ತಿನ್ನು, ನೋಡು ಹೇಗೆ ಬಡಕಲಾಗಿದ್ದೀಯ ಎಂದು ಅದಕ್ಕೂ ಬೈಗಳು. ಹುಡುಗಿ ಕಣ್ಣುಮುಚ್ಚಿ ನುಂಗಿದಳು. ನಂತರದ ಸರದಿ ನನ್ನದು, ಮೊದಲು ಬೈಗಳು, ಆಮೇಲೆ ಚಿಪ್ಪು. ತಣ್ಣನೆಯ ಸಮುದ್ರವನ್ನೇ ಕೊಯ್ದು ಕೊಟ್ಟಂಥ ರುಚಿ.

ಅಲ್ಲಿಂದ ಬರುವಾಗ ದಂಡೆಯ ಕಟ್ಟೆಯ ಮೇಲೆ ಕುಳಿತು ಅವಳು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನಗುತ್ತಿದ್ದಳು. ಸ್ಕಾರ್ಫನ್ನು ಚೀಲಕ್ಕೆ ತುರುಕಿದ್ದಳು. ಆದರೂ ನನ್ನ ಭಯ ಪೂರ್ತಿ ಹೋಗಿರಲಿಲ್ಲ... ಅಜ್ಜಿಯ ಎದುರು ಇವಳು ಯಾವುದನ್ನು ಮೊದಲು ಹೇಳುತ್ತಾಳೋ.

ಅವಳು ಕೆಟ್ಟದ್ದನ್ನೇ ಮೊದಲು ಹೇಳಿದಳು. ಹಿಂತಿರುಗಿದ ಸಂಜೆ ನಾವು ಮೂರನೇ ಮಹಡಿಯ ಮೇಜಿನಲ್ಲಿ ಕುಳಿತಿದ್ದೆವು. ಅಜ್ಜಿ ಹೊಸ ಅಂಗಿ ತೊಟ್ಟು, ಕಿವಿಯ ರಿಂಗು ಬದಲಿಸಿ, ತುಟಿಗೆ ಬಣ್ಣ ಹಚ್ಚಿ ಕಾದಿದ್ದರು. ಮಾತ್ರೆ ಜೋಡಿಸಲು ಬಂದಿದ್ದ ಮಗಳು ಬಾಗಿಲಲ್ಲಿ ಕೋಟಿನಲ್ಲೇ ನಿಂತಿದ್ದರು. ಹುಡುಗಿ ಎಂದಿನಂತೆ ಸ್ವೀಡಿಷ್‌ನಲ್ಲಿ, ಗಲೀಜು ಇದೆ ನೊನ್ನಾ, ತುಂಬ ಗಲೀಜು, ಮೊದಲ ದಿನ ನಾನು ಮೂಗು ಮುಚ್ಚಿಕೊಂಡಿದ್ದೆ ಅಂದಳು. ನಿನ್ನ ಮನೆಗೆ ಇಟ್ಟಿಗೆ ಕಟ್ಟಿದ್ದಾರೆ, ಬಾಲ್ಕನಿ ಬಿದ್ದಿದೆ ಅಂದಳು. ಅಜ್ಜಿಯ ಕೈ ಮೇಜಿನ ಬಟ್ಟೆಯ ಅಂಚನ್ನು ಹಿಡಿದದ್ದನ್ನು ನೋಡಿದೆ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಇವಳಿಗೆ ಕೇಳಲು ಅವರಿಗೆ ಧೈರ್ಯ ಸಾಲದೆ ಹೋಯಿತೇನೋ. ಕೊನೆಗೆ ಕೇಳಿದರು. ಧ್ವನಿ ಸಣ್ಣದಾಗಿತ್ತು.

“ಅಲ್ಲಿ ನಿನಗೆ... ಯಾರಾದರೂ ಬೈದರೇ?”

ಹುಡುಗಿ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತಳು. ಚಿಪ್ಪುಮೀನಿನ ಹೆಂಗಸಾದಳು. ಚಾಕು ಕೆಳಗಿಟ್ಟಳು, ಬೆರಳು ಕೂಡಿಸಿದಳು; ಪ್ರತಿಮೆ, ಮೇಣದಬತ್ತಿ, ಮನೆಯಲ್ಲಿ ಬಿಟ್ಟು ಬಂದ ಬಾಯಿ, ಎಲ್ಲವೂ ಅಜ್ಜಿಯ ಊರಿನ ಭಾಷೆಯಲ್ಲಿ, ಇಡೀ ಕಟ್ಟಡಕ್ಕೆ ಕೇಳುವಂತೆ. ತನ್ನ ಉತ್ತರವನ್ನೂ ಹೇಳಿದಳು. ಯಾರ ಮನೆಯವಳು ಎಂದು ಕೇಳಿದ್ದನ್ನೂ ಹೇಳಿದಳು. ಹೇಳಿ ಮುಗಿಸಿ ಕೈಯೆತ್ತಿಕೊಂಡೇ ನಿಂತಿದ್ದಳು.

ಅಜ್ಜಿ ಅಳಲಿಲ್ಲ. ಎದ್ದು ಹೋಗಿ ಮೊಮ್ಮಗಳ ಮೊಣಕೈ ಹಿಡಿದು ಸ್ವಲ್ಪ ಮೇಲೆತ್ತಿದರು.

“ಮಣಿಕಟ್ಟು ಅಲುಗಬಾರದು. ಇಲ್ಲಿಂದ ಬರಬೇಕು. ಇನ್ನೊಂದು ಸಲ ಬೈ.”

ಆ ಸಂಜೆ ಅವರು ಅವಳಿಂದ ಅದನ್ನು ಎಷ್ಟು ಸಲ ಹೇಳಿಸಿದರೋ, ಎಲ್ಲದರ ಲೆಕ್ಕ ಇಡುವ ನಾನು ಅದರ ಲೆಕ್ಕ ಇಡಲಿಲ್ಲ. ಪ್ರತಿ ಸಲವೂ ಕೈ ಇನ್ನಷ್ಟು ಸರಿಯಾಗುತ್ತಿತ್ತು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಯಾವಾಗಲೋ ತಿರುಗಿ ನೋಡಿದಾಗ ಬಾಗಿಲಲ್ಲಿ ಮಗಳು ಇರಲಿಲ್ಲ. ಅವರಿಗೆ ಇದೆಲ್ಲ ಹಿಡಿಸಲಿಲ್ಲ ಅಂದುಕೊಂಡೆ.

ಮುಂದಿನ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡರು, ನಿದ್ದೆಯಲ್ಲಿ. ಅದರ ಹಿಂದಿನ ದಿನವೂ ತೆಳ್ಳನೆಯ ಕೋಟು ಹಾಕಿ ಹೊರಟೆನೆಂದು ನನಗೆ ಮೆಟ್ಟಿಲ ಮೇಲೆ ಬೈದಿದ್ದರು. ಮನೆ ಖಾಲಿ ಮಾಡುವಾಗ ನಾನು ಸಹಾಯಕ್ಕೆ ಹೋದೆ. ಅಡುಗೆಮನೆಯ ಸೆಳೆಖಾನೆಯಿಂದ ಚಿಪ್ಪು ಬಿಡಿಸುವ ಗಿಡ್ಡ ಚಾಕುವನ್ನು ತೆಗೆದು ಮಗಳು ನನಗೆ ಕೊಟ್ಟರು. ಅವತ್ತು ಮೊದಲ ಸಲ ಅವರು ಆ ಮನೆಯಲ್ಲಿ ಕೋಟು ಬಿಚ್ಚಿ ಕುಳಿತದ್ದನ್ನು ನೋಡಿದೆ. ನಾನು ಕೇಳದೆಯೇ ಹೇಳಿದರು.

ಮೂಗು ಹಿಡಿದುಕೊಂಡು ಹೋದ ಮಾರನೆಯ ಬೆಳಿಗ್ಗೆ, ಅಮ್ಮ ಇನ್ನೂ ಮಲಗಿದ್ದಾಗ, ಬಾಲ್ಕನಿಯಲ್ಲಿ ದಾರಿ ಕಾದಿದ್ದ ಇವರ ಅಜ್ಜಿ ಇವರೊಬ್ಬರನ್ನೇ ಎಬ್ಬಿಸಿ ದಂಡೆಗೆ ಕರೆದೊಯ್ದರಂತೆ. ಓಣಿ ದಾಟುವವರೆಗೂ ಬೈದರಂತೆ. ಇದೇನು ರಾಣಿಯ ಮನೆಯಿಂದ ತಂದ ಮೂಗೋ ಎಂದು ಮೂಗಿನ ತುದಿ ಹಿಡಿದು ಎಳೆದರು. ಆಮೇಲೆ ತಮ್ಮ ಕೈಯಾರೆ ಒಂದು ಚಿಪ್ಪು ಬಿಡಿಸಿ ತಿನ್ನಿಸಿದರು.

“ಚೆನ್ನಾಗಿತ್ತು” ಅಂದರು ಮಗಳು. “ಅಮ್ಮ ಈ ಊರಿನವರನ್ನೆಲ್ಲ ಕೇಳಿದರು. ನನ್ನನ್ನು ಕೇಳಲಿಲ್ಲ.”

ನೀವೇ ಹೇಳಬಹುದಿತ್ತಲ್ಲ ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬೈಸಿಕೊಳ್ಳಲು ಅವರಿಗೂ ಈಗ ಯಾರೂ ಉಳಿದಿರಲಿಲ್ಲ.

ಪಿಎಚ್‌ಡಿ ಮುಗಿಸಿ ನಾನು ಈ ಕಡೆ ಬಂದೆ. ಹುಡುಗಿ ಈಗ ತಾರಾಂತೊದಲ್ಲೇ ಇದ್ದಾಳೆ, ಭಾಷೆ ಕಲಿಯುತ್ತೇನೆಂದು ಹೋದವಳು ಒಂದು ಬೇಕರಿಯಲ್ಲಿ ಕೆಲಸಕ್ಕೆ ನಿಂತಿದ್ದಾಳೆ. ಕಳೆದ ತಿಂಗಳು ಫೋನು ಮಾಡಿದ್ದಳು. ಜರ್ಮನಿಯಿಂದ ಬಂದ ಪ್ರವಾಸಿಯೊಬ್ಬ ಬ್ರೆಡ್ಡನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದನಂತೆ. ಅವನಿಗೆ ಬೈದೆ, ಮಣಿಕಟ್ಟು ಅಲುಗಲಿಲ್ಲ ಅಂದಳು. ಅವಳ ತಾಯಿ ಬೇಸಿಗೆಗೆ ಅಲ್ಲಿಗೆ ಹೋಗುತ್ತಾರಂತೆ. ಇಬ್ಬರಿಗೂ ಊರು ತೋರಿಸುವವರು ಯಾರೂ ಬೇಕಿಲ್ಲ.

ಹಳೆಯ ದಿನಚರಿಯ ಹಿಂಬದಿ ಈಗ ನನ್ನ ಮುಂದೆ ತೆರೆದಿದೆ. ಮೆಚ್ಚಿದವರ ಸಾಲಿಗಿಂತ ಮೆಚ್ಚದವರ ಸಾಲು ಉದ್ದವಿದೆ. ಮೂರನೆಯದರಲ್ಲಿ ಬೆಂಗಳೂರಿನ ಹುಡುಗ, ಮೊಮ್ಮಗಳು, ನಾನು. ಮೊದಲೇ ಬರೆಯಬೇಕಿತ್ತು, ತೋಚಿರಲಿಲ್ಲ. ಇವತ್ತು ನಮ್ಮೆಲ್ಲರ ಮೇಲೆ, ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಇನ್ನೊಂದು ಗೆರೆ ಎಳೆದೆ. ಅಜ್ಜಿಯ ಮಗಳದು. ಎಲ್ಲರಿಗಿಂತ ಮೊದಲು ಊರು ನೋಡಿದವರು ಅವರೇ.

ಇಷ್ಟು ಬರೆಯುವಷ್ಟರಲ್ಲಿ ಸೀದ ವಾಸನೆ ಬಂತು. ಓಡಿಹೋಗಿ ಮುಚ್ಚಳ ತೆಗೆದರೆ ನೀರೆಲ್ಲ ಇಂಗಿ ತಳ ಹತ್ತಿದೆ. ಚಿಪ್ಪುಗಳು ಬಾಯಿ ಬಿಟ್ಟು, ಒಳಗಿನದೆಲ್ಲ ಮುದುಡಿ ರಬ್ಬರಿನಂತಾಗಿದೆ. ಪಾತ್ರೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ, ಮೇಲಿನ ಮಹಡಿಯತ್ತ ಕಿವಿಗೊಟ್ಟು.

ಯಾರೂ ಬೈಯಲಿಲ್ಲ.